ಉಳಿದದ್ದು

ಎರಡು ವಾರಕ್ಕೊಂದು ಮಂಗಳವಾರ
ಸ್ಮೆದಿಕ್‌ನಿಂದ ಎರಡು ಬಸ್ಸು ಬದಲಿಸಿ ಸಾಲಿಹಲ್‌ಗೆ ಹೋಗುತ್ತೇನೆ,
ನಾನಿನ್ನೂ ಇದ್ದೇನೆ ಎಂದು ಹೇಳಿ ಬರಲಿಕ್ಕೆ.
ಇರಬಾರದವಳು, ಇದ್ದೇನೆಂದು ತಪ್ಪದೆ ಬಂದು ಹೇಳಬೇಕು;
ಹೇಳದಿದ್ದರೆ ಅದು ಇನ್ನೊಂದು ತಪ್ಪು.

ಬಾಗಿಲಲ್ಲಿ ಚಿಲ್ಲರೆ, ಬಳೆ, ಸೆರಗಿನ ಸೇಫ್ಟಿ ಪಿನ್ನು, ಎಲ್ಲ ಟ್ರೇಗೆ.
ಕಾವಲಿನವನಿಗೆ ನನ್ನ ಮುಖ ಪರಿಚಯ, ಹೆಸರಿನದೇ ಕಷ್ಟ.
"ಡಾಕ್ಸಿ" ಅನ್ನುತ್ತಾನೆ, ನಾಯಿಮರಿ ಕರೆದ ಹಾಗೆ.
ದಾಕ್ಷಾಯಣಿ ಅಂತ ತಿದ್ದುವುದಿಲ್ಲ ನಾನು.
ಕರೆಯದ ಮನೆಗೆ ಹೋಗಿ ನಿಂತವಳ ಹೆಸರು ಅದು,
ಆಮೇಲೆ ಏನಾಯಿತು ಎಂದು ಅವನು ಕೇಳಿದರೆ?

ಇವತ್ತು ಸಹಿಯಷ್ಟೇ ಅಲ್ಲ, ವಿಚಾರಣೆ.
ನಡುವೆ ಗಾಜು, ಗಾಜಿನಲ್ಲಿ ತೂತು, ತೂತಿನ ಆಚೆ
ನೆಗಡಿಯಾದ ಒಬ್ಬ ಹುಡುಗಿ, ಉಗುರಿಗೆ ಹಸಿರು ಬಣ್ಣ.
ಮೇಜಿನ ಮೇಲೆ ಫೋನು, ಫೋನಿನೊಳಗೆ ದುಭಾಷಿ,
ಯಾವ ಊರಿನವನೋ, ಅವನ ಹಿಂದೆ ಕುಕ್ಕರು ಕೂಗುತ್ತಿತ್ತು.
ಮೂರನೇ ವಿಷಲ್ಲಿಗೆ ಕ್ಷಮಿಸಿ ಅಂದು ಎದ್ದು ಹೋದ.
ಸರಕಾರ ಕಾಯಿತು.

ಸಂಬಂಧ ಮುಗಿದ ತಾರೀಖು ಯಾವುದು?

ತಾರೀಖು.
ಮಹಾಂತೇಶ ನನ್ನ ಕಾರ್ಡನ್ನು ಕಪಾಟಿನಲ್ಲಿಟ್ಟು ಬೀಗ ಜಡಿದ ದಿನವೋ,
ಗಳಿಸದವಳಿಗೆ ಹೀಟರು ಯಾಕೆ ಎಂದ ರಾತ್ರಿಯೋ,
ಇಲ್ಲಾ ಆಮೇಲೆ ಎಷ್ಟೋ ದಿನ ಬಿಟ್ಟು, ಏನೂ ನಡೆಯದ ಒಂದು ಬುಧವಾರ
ಇಬ್ಬರಿಗೆಂದು ಇಟ್ಟ ನೀರಿನಲ್ಲಿ ಒಂದು ಲೋಟ ಚೆಲ್ಲಿ
ನನ್ನಷ್ಟಕ್ಕೆ ಚಹಾ ಮಾಡಿಕೊಂಡೆನಲ್ಲ, ಆಗಲೋ?
ಖಾನೆಯಲ್ಲಿ ಎಂಟು ಅಂಕಿಗೆ ಮಾತ್ರ ಜಾಗ.

ಬರುವಾಗ, ಮದುವೆ ನಿಜವೆಂಬುದಕ್ಕೆ ಪುರಾವೆ ಕೇಳಿದ್ದರು.
ಗದಗಿನ ಸ್ಟುಡಿಯೋದವನ ಅಲ್ಬಮ್ಮಿನಿಂದ ಹನ್ನೆರಡು ಫೋಟೋ ಕಳಿಸಿದ್ದೆವು.
ಒಂದರಲ್ಲಿ ಅಕ್ಷತೆಯ ಕಾಳು ನನ್ನ ರೆಪ್ಪೆಗೆ ಅಂಟಿದೆ,
ಅವನು ನಗುತ್ತಿದ್ದಾನೆ. ಸುಳ್ಳು ನಗೆ ಅಲ್ಲ ಅದು.
ಈಗ ಮುರಿದದ್ದಕ್ಕೆ ಪುರಾವೆ ಬೇಕಂತೆ.
ಮುರಿಯುವಾಗ ಸ್ಟುಡಿಯೋದವನನ್ನು ಯಾರು ಕರೆಸುತ್ತಾರೆ?

"ಅಂದರೆ, ಗಂಡ ಬಿಟ್ಟವರಾ?" ಫೋನು ಕೇಳಿತು.
ಗಂಡನ್ನ, ಅಂದೆ.
"ಏನಮ್ಮಾ?"
ಗಂಡನ್ನ ಬಿಟ್ಟವಳು. ಒಂದಕ್ಷರ ಹೆಚ್ಚಿಗೆ ಹಾಕಿರಿ ಸರ್.
ಹಾಕಿದನೋ ಇಲ್ಲವೋ. ಹುಡುಗಿ ಬರೆದದ್ದು ಒಂದೇ ಪದ,
ಯಾರು ಯಾರನ್ನು ಎಂಬುದಕ್ಕೆ ಅದರೊಳಗೆ ಜಾಗವೇ ಇರಲಿಲ್ಲ.

ವೀಸಾ ರದ್ದಾದ ಪತ್ರ ಹಳೆಯ ವಿಳಾಸಕ್ಕೆ ಹೋಗಿತ್ತು.
ಅರವತ್ತು ದಿನದ ಗಡುವು ಆ ಮನೆಯ ಕಾಲೊರಸಿನ ಮೇಲೆ ಬಿದ್ದು
ತಾನೇ ಮುಗಿದು ಹೋಯಿತು.
ನಾನು ಆಗ ಸತ್ವಂತ್ ಆಂಟಿಯ ಅಂಗಡಿಯ ಮೇಲಿನ ಕೋಣೆಯಲ್ಲಿ
ಯಾರದೋ ಸಲ್ವಾರಿನ ಅಂಚು
ಇಲ್ಲ. ಹೊಲಿಗೆಯ ಮಾತು ಇಲ್ಲಿ ಆಡಬಾರದು.
ನಾನು ಆಗ ಸುಮ್ಮನೆ ಕೂತಿದ್ದೆ, ಆರು ತಿಂಗಳು.
ಸೂಜಿ ಚುಚ್ಚಿದ ಬೆರಳು ಮೇಜಿನ ಕೆಳಗಿತ್ತು.

ಅವಧಿ ಮುಗಿದ ಮೇಲೆ ಏನು ಮಾಡಿದಿರಿ?

ಉಳಿದೆ, ಅಂದೆ.

ಫೋನಿನೊಳಗೆ ಗಳಿಗೆ ಹೊತ್ತು ಮೌನ. ಪದ ಹುಡುಕುತ್ತಿದ್ದ.
ಬೋಗುಣಿಯ ತಳದಲ್ಲಿ ಅನ್ನ ಉಳಿದರೂ,
ಬಂದ ನೆಂಟರು ಎರಡು ದಿನ ಹೆಚ್ಚಿಗೆ ಉಳಿದರೂ,
ಕಾಲರಾ ಹೊಕ್ಕ ಓಣಿಯಲ್ಲಿ ಒಂದು ಕೂಸು ಉಳಿದರೂ
ನಮ್ಮಲ್ಲಿ ಅದೇ ಮಾತು.
ಅವನು ಮೂರರಲ್ಲಿ ಒಂದನ್ನು ಆರಿಸಿದ.
ಹಸಿರು ಉಗುರು ಟಕಟಕ ಒತ್ತಿತು.
ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ:
ಅದು ಕೂಸಿನದಲ್ಲ.

ಮುಂದಿನ ತಾರೀಖಿನ ಚೀಟಿ ತೂತಿನಿಂದ ಈಚೆ ಬಂತು, ಜೊತೆಗೆ ಒಂದು ಸೀನು.
ಫೋನು ಇಟ್ಟಾಗಿತ್ತು. ಶುಂಠಿ, ಅಂದೆ. ಜಿಂಜರ್. ಬಾಯಿಲ್.
ಅವಳು ಮೊದಲ ಸಲ ಕತ್ತೆತ್ತಿ ನೋಡಿದಳು,
ಇದನ್ನು ಯಾವ ಖಾನೆಗೆ ಹಾಕಲಿ ಎಂಬಂತೆ.

ಎರಡನೇ ಬಸ್ಸಿನಲ್ಲಿ ಸೆರಗು ಜಾರಿದಾಗ ಗೊತ್ತಾಯಿತು,
ಪಿನ್ನು ಟ್ರೇಯಲ್ಲೇ ಉಳಿದಿದೆ.